ಬೆಳ್ಳಿಯನ್ನು ಕಪ್ಪಾಗಿಸದ ಅಣಬೆ

ಹೋದ ವಾರ ಚನ್ನಗಿರಿಯಿಂದ ಉಬ್ರಾಣಿ ಕಡೆಗೆ ಹೋಗುವಾಗ ರಸ್ತೆಯ ಪಕ್ಕ ಒಬ್ಬ ಮುತ್ತುಗದ ಎಲೆಯ ಮೇಲೆ ಹುತ್ತದ ಅಣಬೆ ಹರಡಿಕೊಂಡು ಕೂತಿದ್ದ. ಬೈಕ್ ನಿಲ್ಲಿಸುವ ಮೊದಲೇ ವಾಸನೆ ಬಂತು. ಮಳೆಗೆ ನೆನೆದ ಗೆದ್ದಲು ಮಣ್ಣಿನ ವಾಸನೆ, ಅದರೊಳಗೆ ಹಸಿ ಹಿಟ್ಟಿನಂಥದ್ದೇನೋ. ಬೇರೆಯವರಿಗೆ ಇದರಿಂದ ಬಾಯಲ್ಲಿ ನೀರೂರುತ್ತದೆ. ನನಗೆ ಸಿಟ್ಟು ಬರುತ್ತದೆ. ಎಲ್ಲಿ ಕಿತ್ತದ್ದು ಎಂದು ಕೇಳಿದೆ. ಜಾಗ ಹೇಳಿದರೆ ಮುಂದಿನ ವರ್ಷ ಅಲ್ಲಿ ಏಳುವುದಿಲ್ಲ ಎಂದು ಅವನು ನಕ್ಕ. ನಮ್ಮ ಪಕ್ಕದ ಮನೆಯ ದೊಡ್ಡವ್ವನೂ ಹೀಗೆಯೇ ಹೇಳುತ್ತಿದ್ದಳು… ಅಣಬೆ ಕೊಳ್ಳದೆ ಬೈಕ್ ಹತ್ತಿದೆ.

ದೊಡ್ಡವ್ವ ನಮಗೆ ರಕ್ತಸಂಬಂಧಿಯಲ್ಲ. ನ್ಯಾಮತಿ ತಾಲ್ಲೂಕಿನ ನಮ್ಮ ಊರಲ್ಲಿ, ನಮ್ಮ ಓಣಿಗೆಲ್ಲ ಅವಳು ದೊಡ್ಡವ್ವ. ಸತ್ತವರ ಬಗ್ಗೆ ಒಳ್ಳೆಯದನ್ನೇ ಬರೆಯಬೇಕೆನ್ನುತ್ತಾರೆ. ನನ್ನಿಂದ ಆಗುವುದಿಲ್ಲ. ಅವಳನ್ನು ಕಂಡರೆ ನನಗೆ ಆಗುತ್ತಿರಲಿಲ್ಲ, ನನ್ನನ್ನು ಕಂಡರೆ ಅವಳಿಗೂ ಅಷ್ಟೆ. ಯೂನಿವರ್ಸಿಟಿಯಿಂದ ರಜೆಗೆ ಬಂದಾಗಲೆಲ್ಲ ಕಟ್ಟೆಯ ಮೇಲೆ ಕೂತ ಹೆಂಗಸರಿಗೆ ಕೇಳುವಂತೆ ಹೇಳುತ್ತಿದ್ದಳು: "ಬಂತು ನೋಡ್ರಿ ಎಮ್ಮೆಸ್ಸಿ. ಕುಡಿಯಾಕೆ ನೀರು ಕೊಟ್ರೆ, ನೀರಿಗೇ ಹೆಸರು ಕೇಳತೈತೆ." ಎಲ್ಲರೂ ನಗುತ್ತಿದ್ದರು. ನನ್ನ ಅವ್ವನೂ.

ಅಣಬೆಯ ವಿಷಯದಲ್ಲಿ ಮಾತ್ರ ಓಣಿಯಲ್ಲಿ ಅವಳ ಮಾತಿಗೆ ಎದುರಿರಲಿಲ್ಲ. ಮುಂಗಾರಿನ ಗುಡುಗು ಶುರುವಾದ ಮೇಲೆ ಬೆಳಿಗ್ಗೆ ಬೇಗ ಬರಿಗಾಲಲ್ಲಿ ಹೋಗಿ, ಕುಡುಗೋಲು ತಾಗಿಸದೆ ಬೆರಳಲ್ಲೇ ಮೀಟಿ ತರುತ್ತಿದ್ದಳು. ಪ್ರತಿ ವರ್ಷದ ಮೊದಲ ಅಣಬೆ ಓಣಿಯಲ್ಲಿ ಯಾರ ಮನೆಯಲ್ಲಿ ಬಸುರಿ ಇದ್ದರೆ ಆ ಮನೆಗೆ. ಆ ಬಸುರಿ ತಿನ್ನದೆ ಬೇರೆ ಯಾರೂ ಬಾಯಿಗಿಡುವಂತಿರಲಿಲ್ಲ. ಕೊಡುವ ಮೊದಲು ಪರೀಕ್ಷೆ ಇತ್ತು. ಗಂಡ ಸತ್ತಾಗ ತೆಗೆದಿಟ್ಟ ಬೆಳ್ಳಿಯ ಕಾಲುಂಗುರವನ್ನು ದೊಡ್ಡವ್ವ ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡಿರುತ್ತಿದ್ದಳು. ಅಣಬೆ ಕುದಿಯುವ ನೀರಿಗೆ ಅದನ್ನು ಹಾಕಬೇಕು. ಬೆಳ್ಳಿ ಕಪ್ಪಾದರೆ ವಿಷ, ಕಪ್ಪಾಗದಿದ್ದರೆ ಊಟ. ಅದು ಕಾಲುಂಗುರವಲ್ಲ, ಹಳೆಯ ಬೆಳ್ಳಿ ನಾಣ್ಯ ಎಂದು ನನ್ನ ತಂಗಿ ಹೇಳುತ್ತಾಳೆ. ನನ್ನ ಕಣ್ಣಿಗೆ ಕಟ್ಟಿರುವುದು ಕಾಲುಂಗುರವೇ. ಆದರೆ ಕಣ್ಣಿಗೆ ಕಟ್ಟಿರುವುದೆಲ್ಲ ನಡೆದದ್ದೇ ಆಗಿರಬೇಕೆಂದೇನೂ ಇಲ್ಲ…

ತಂಗಿಯನ್ನು ಜಗಳೂರು ತಾಲ್ಲೂಕಿನ ಸೊಕ್ಕೆ ಕಡೆಗೆ ಕೊಟ್ಟಿದ್ದೆವು. ಆ ಒಣಭೂಮಿಯಲ್ಲಿ ಅಣಬೆ ಏಳುವುದೇ ಅಪರೂಪ. ಎದ್ದರೂ ಅವಳ ಅತ್ತೆ ನಾಯಿಕೊಡೆ ಎಂದು ಒಳಗೆ ಸೇರಿಸುತ್ತಿರಲಿಲ್ಲವಂತೆ. ಚೊಚ್ಚಲ ಬಸುರಿಯಾಗಿ ತವರಿಗೆ ಬಂದಾಗ ಅವಳ ಬಾಯಿಗೆ ಬೇಕೆನಿಸಿದ್ದು ಅದೊಂದೇ. ಆ ಮಳೆಗಾಲದ ಹೊತ್ತಿಗೆ ದೊಡ್ಡವ್ವನ ಹೊಲದ ತುದಿಯಲ್ಲಿ ತಗಡಿನ ಶೆಡ್ ಎದ್ದು ಒಂದೆರಡು ವರ್ಷವಾಗಿತ್ತು. ಹೊರಗಿನವನೊಬ್ಬ ಜಾಗವನ್ನು ಬಾಡಿಗೆಗೆ ಹಿಡಿದು, ಲಾರಿಗಳ ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸುತ್ತಿದ್ದ. ಸಂಜೆ ಗಂಟಲು ಕೆರೆಯುವ ಹೊಗೆ. ಬ್ಯಾಟರಿಯ ಆಸಿಡ್ ನೀರು ಹರಿದಲ್ಲಿ ಹುಲ್ಲು ಸುಟ್ಟುಹೋಗಿತ್ತು. ಅಣಬೆಯ ಹುತ್ತಗಳಿದ್ದದ್ದು ಆ ಶೆಡ್ಡಿನ ಹಿಂದೆಯೇ. ದೊಡ್ಡವ್ವ ಗುಟ್ಟು ಎಂದುಕೊಂಡಿದ್ದಳು, ಓಣಿಗೆಲ್ಲ ಗೊತ್ತಿತ್ತು.

ನಾನು ಆಗ ರಸಾಯನಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಸಂಶೋಧನೆಗೆ ಸೇರಿದ್ದೆ. ಅಣಬೆ ಮಣ್ಣಿನಲ್ಲಿರುವ ಲೋಹವನ್ನು ಹೀರಿ ಕೂಡಿಟ್ಟುಕೊಳ್ಳುತ್ತದೆ ಎಂದು ಓದಿದ್ದೆ. ಸೀಸ ತಾಯಿಯ ರಕ್ತದಿಂದ ಹೊಟ್ಟೆಯೊಳಗಿನ ಕೂಸಿಗೂ ಹೋಗುತ್ತದೆ, ಅದರ ಮಿದುಳಿಗೆ ತಾಗುತ್ತದೆ ಎಂಬುದೂ ಗೊತ್ತಿತ್ತು. ದೊಡ್ಡವ್ವ ತಟ್ಟೆ ತಂದು ತಂಗಿಯ ಮುಂದೆ ಇಟ್ಟಳು. ಬೆಳ್ಳುಳ್ಳಿ, ಒಣಕೊಬ್ಬರಿ ಹಾಕಿದ ಪಲ್ಯ, ಪಕ್ಕದಲ್ಲಿ ಬಿಸಿ ರೊಟ್ಟಿ. ನಾನು ತಟ್ಟೆ ಎತ್ತಿಕೊಂಡು ಹೋಗಿ ತಿಪ್ಪೆಗೆ ಸುರಿದೆ.

ಅವ್ವ ಗಾಬರಿಯಿಂದ ಕೆನ್ನೆಗೆ ಕೈ ಹಚ್ಚಿದಳು. ದೊಡ್ಡವ್ವ ಕೂಗಾಡಲಿಲ್ಲ. ಸೆರಗಿನ ಗಂಟು ಬಿಚ್ಚಿ ಉಂಗುರವನ್ನು ನನ್ನ ಮುಖದ ಮುಂದೆ ಹಿಡಿದಳು. "ಕಪ್ಪಾಗೈತೇನೋ? ಕಣ್ಣು ಐತೋ ಇಲ್ಲೋ ನಿಂಗೆ?"

ಸೀಸಕ್ಕೆ ಬೆಳ್ಳಿ ಕಪ್ಪಾಗುವುದಿಲ್ಲ ಎಂದೆ. ಕಪ್ಪಾಗಿಸುವುದು ಗಂಧಕ, ಅದಕ್ಕೂ ವಿಷಕ್ಕೂ ಸಂಬಂಧವಿಲ್ಲ ಎಂದೆ. ಯಾರಿಗೂ ಅರ್ಥವಾಗಲಿಲ್ಲ. ಆಗ ಮಾಡಿ ತೋರಿಸಿಯೇ ಬಿಡುತ್ತೇನೆಂದು ಹೊರಟೆ. ಬಸುರಿಯರಿಗೆಂದು ಅಂಗನವಾಡಿಯಿಂದ ಬಂದಿದ್ದ ಮೊಟ್ಟೆಯೊಂದನ್ನು ಬೇಯಿಸಿ, ಬಿಸಿಬಿಸಿಯಾಗಿ ಪುಡಿಮಾಡಿ, ಉಂಗುರವನ್ನು ಅದರಲ್ಲಿ ಹುಗಿದು ಮುಚ್ಚಿಟ್ಟೆ. ಅಷ್ಟರಲ್ಲಿ ಅರ್ಧ ಓಣಿ ನಮ್ಮ ಪಡಸಾಲೆಯಲ್ಲಿ ನಿಂತಿತ್ತು. ಮುಚ್ಚಳ ತೆಗೆದಾಗ ಉಂಗುರ ಕಂದುಗಪ್ಪಾಗಿತ್ತು. ಈಗ ಹೇಳ್ರಿ, ಮೊಟ್ಟೆ ವಿಷವೇನು ಎಂದು ಗೆದ್ದವನಂತೆ ಕೇಳಿದೆ.

ದೊಡ್ಡವ್ವ ಉಂಗುರವನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಬಸುರಿಗೆ ಮೊಟ್ಟಿ ಕೊಡಬ್ಯಾಡ್ರಿ, ಉಷ್ಣ ಅಂತ ನಮ್ಮತ್ತೆ ಬಡ್ಕಂತಿದ್ಲು. ಇವತ್ತು ತೋರ್ಸಿಬಿಟ್ಟ ನೋಡ್ರವ್ವ ನಮ್ಮ ಎಮ್ಮೆಸ್ಸಿ."

ಓಣಿ ಬಿದ್ದುಬಿದ್ದು ನಕ್ಕಿತು. ಅಲ್ಲಿಗೇ ಮುಗಿದಿದ್ದರೆ ನಾನೂ ಇಂದು ನಗುತ್ತಿದ್ದೆ. ಮಾರನೆಯ ದಿನದಿಂದ ಅವ್ವ ತಂಗಿಗೆ ಮೊಟ್ಟೆ ಕೊಡುವುದನ್ನು ನಿಲ್ಲಿಸಿದಳು. ಓಣಿಯ ಇನ್ನೊಬ್ಬ ಬಸುರಿಗೂ ಮೊಟ್ಟೆ ನಿಂತಿತು. ತಿನ್ನಬೇಕಾದದ್ದು ವಿಷವಾಯಿತು, ವಿಷ ಊಟವಾಗಿಯೇ ಉಳಿಯಿತು. ಆ ಮುದುಕಿಯ ಮೇಲೆ ನನಗೆ ಹುಟ್ಟಿದ ದ್ವೇಷಕ್ಕೆ ಬೇರೆ ಹೆಸರಿಲ್ಲ.

ತಿಪ್ಪೆಯ ಪಕ್ಕ ಬಿದ್ದಿದ್ದ ಹಸಿ ಅಣಬೆಗಳನ್ನು ಪೊಟ್ಟಣ ಕಟ್ಟಿ ಲ್ಯಾಬಿಗೆ ಒಯ್ದೆ. ಹೀಗೆ ಬರೆಯುವಾಗಲೇ ಅನುಮಾನ… ನಾನು ಸುರಿದದ್ದು ಪಲ್ಯವಲ್ಲವೇ? ಹಸಿ ಅಣಬೆ ಅಲ್ಲಿಗೆ ಹೇಗೆ ಬಂತು? ಬಹುಶಃ ಹುತ್ತದ ಬಳಿಗೆ ನಾನೇ ಹೋಗಿ ಕಿತ್ತಿರಬೇಕು. ಕಿತ್ತದ್ದನ್ನು ಚೆನ್ನಾಗಿ ತೊಳೆದೆನೇ? ಅಂಟಿದ್ದ ಮಣ್ಣಿನ ಸೀಸವೂ ಲೆಕ್ಕಕ್ಕೆ ಸೇರಿತೇ? ಅಂದು ಈ ಪ್ರಶ್ನೆಗಳಿರಲಿಲ್ಲ. ಸೀಸ ಇರಬಾರದಷ್ಟು ಇದೆ ಎಂದು ಯಂತ್ರ ನಡೆಸುವ ಗೆಳೆಯ ಹೇಳಿದ. ಹೊನ್ನಾಳಿಯಲ್ಲಿ ಬಸ್ ಬದಲಿಸಿ ಊರು ಮುಟ್ಟಿದವನೇ ಮನೆಗೂ ಹೋಗದೆ ದೊಡ್ಡವ್ವನ ಅಂಗಳದಲ್ಲಿ ನಿಂತು ಕೂಗಿದೆ. ಬಾಡಿಗೆಯ ಆಸೆಗೆ ಓಣಿಗೆಲ್ಲ ವಿಷ ಉಣಿಸುತ್ತಿದ್ದೀಯಾ ಎಂದೆ. ಇನ್ನೂ ಏನೇನೋ ಅಂದೆ.

ಅವಳು ಬಾಗಿಲಿಗೆ ಬಂದು ಒಂದೇ ಮಾತು ಹೇಳಿದಳು. "ಹೊಗೆ ಕುಡ್ಕಂಡು ಹೊಲ ಕಾಯಾಕೆ ಅಲ್ಲೇ ಮಲಗಾಕಿ ನಾನು. ನಂಗೇನಾಗೈತೋ?"

ನಂತರ ಅವಳು ನಮ್ಮ ಮನೆಯವರೊಂದಿಗೆ ಮಾತು ಬಿಟ್ಟಳು. ಕೂಸು ಹುಟ್ಟಿತು. ಗಂಡು, ದುಂಡಗಿತ್ತು. ಹೆಸರಿಡುವ ದಿನ ದೊಡ್ಡವ್ವ ಹೊಸಿಲು ದಾಟದೆ ಹೊರಗೇ ನಿಂತು, ಬಂದವರಿಗೆಲ್ಲ ಹೇಳಿದಳು: "ವಿಷ ತಿಂದ ಕೂಸು ನೋಡ್ರಿ, ಹೆಂಗೆ ಐತೆ." ಪ್ರತಿ ವರ್ಷ ತಂಗಿ ತವರಿಗೆ ಬಂದಾಗಲೂ ಅದೇ ಮಾತು. ಚೆನ್ನಾಗಿರುವ ಒಂದು ಕೂಸು ಏನನ್ನೂ ಸಾಬೀತು ಮಾಡುವುದಿಲ್ಲ ಎಂದು ನಾನು ಯಾರಿಗೆ ಹೇಳಲಿ? ಮುಂದೆ ಶೆಡ್ಡಿನವನು ತಾನಾಗಿಯೇ ತಗಡು ಬಿಚ್ಚಿಕೊಂಡು ಬೇರೆಡೆಗೆ ಹೋದ. ದೊಡ್ಡವ್ವ ನಾಲ್ಕು ಮಳೆಗಾಲದ ಹಿಂದೆ ಸತ್ತಳು. ವಯಸ್ಸಾಗಿತ್ತು ಎಂದರು. ಮಣ್ಣಿಗೆ ನಾನು ಹೋಗಲಿಲ್ಲ.

ಉಬ್ರಾಣಿಯಿಂದ ಮರಳಿದ ರಾತ್ರಿ ತಂಗಿಗೆ ಫೋನ್ ಮಾಡಿದೆ. ಮಗ ಈಗ ನಾಲ್ಕನೇ ಕ್ಲಾಸು. ಅಕ್ಷರ ನಿಲ್ಲುತ್ತಿಲ್ಲ, ಇಂದು ಕಲಿತದ್ದು ನಾಳೆಗೆ ಇರುವುದಿಲ್ಲ ಎಂದು ಮೇಷ್ಟ್ರು ಹೇಳಿಕಳಿಸಿದ್ದಾರಂತೆ. ನಂತರ ಅವಳೇ ಕೇಳಿದಳು.

"ಆ ಅಣಬೆಯಿಂದೇನಣ್ಣ?"

ನೀನು ತಿನ್ನಲೇ ಇಲ್ಲವಲ್ಲ, ನಾನು ಸುರಿದೆನಲ್ಲ ಎಂದೆ.

"ಅವತ್ತು ಸುರಿದಿ. ಮತ್ತೆ ಮಳಿ ಬಂದಾಗೆಲ್ಲ ದೊಡ್ಡವ್ವ ಹಿತ್ತಲಾಗೆ ಕರ್ದು ಕೊಡ್ತಿದ್ಲು. ಮಾತು ಬಿಟ್ಟ ಮ್ಯಾಲೂ ಕೊಟ್ಲು. ನೀ ಹೇಳಿದ್ದು ನಂಬಿದ್ದೆ ಅಣ್ಣ. ನಂಬ್ಕಂಡೇ ತಿಂದೆ. ಅಷ್ಟು ಪ್ರೀತಿಯಿಂದ ಕೊಡಾಕಿಗೆ ಬ್ಯಾಡ ಅನ್ನಾಕೆ ಬಾಯಿ ಬರ್ಲಿಲ್ಲ."

ಇಷ್ಟು ವರ್ಷ ಕಾದಿದ್ದ ಗೆಲುವು ಇದೇ ಇರಬೇಕು. ಆದರೆ ಹೌದು ಎನ್ನುವುದು ಹೇಗೆ? ಅಣಬೆಯೋ, ಆ ಹೊಗೆಯೋ, ನಿಂತುಹೋದ ಮೊಟ್ಟೆಯೋ… ಅಥವಾ ಯಾವುದೂ ಅಲ್ಲದೆ, ಕೆಲವು ಮಕ್ಕಳಿಗೆ ಅಕ್ಷರ ತಡವಾಗಿ ಹತ್ತುತ್ತದೆ, ಅಷ್ಟೇ ಇರಬಹುದು. ಒಂದು ಮಗುವನ್ನು ಮುಂದಿಟ್ಟುಕೊಂಡು ಕಾರಣ ಇದೇ ಎಂದು ಯಾವ ವಿಜ್ಞಾನವೂ ಬೆರಳು ತೋರಿಸಲಾರದು. ಇಂದು ರಕ್ತ ತೆಗೆದು ನೋಡಿದರೆ ಇಂದಿನದು ತಿಳಿದೀತು, ಅಂದಿನದಲ್ಲ. ಆದರೂ ದಾವಣಗೆರೆಗೆ ಕರೆದುಕೊಂಡು ಬಾ, ತೋರಿಸೋಣ ಎಂದೆ.

"ಅದು ಸರಿ. ಅದರಿಂದಾನೋ ಅಲ್ಲೋ ಹೇಳು. ನೀ ಓದಿದೋನು."

ಗೊತ್ತಿಲ್ಲ ಎಂದೆ.

ದೊಡ್ಡವ್ವ ಈ ಉತ್ತರ ಕೇಳಿದ್ದರೆ ಕಟ್ಟೆಯ ಮೇಲಿನವರನ್ನೆಲ್ಲ ಕರೆದು ನಗುತ್ತಿದ್ದಳು. ನಗಲಿಕ್ಕಾದರೂ ಅವಳು ಇರಬೇಕಿತ್ತು. ಅವಳಿಗೆ ಹೇಳಬೇಕಾದದ್ದು ನನ್ನ ಬಳಿ ಇನ್ನೂ ಬಹಳ ಉಳಿದಿದೆ, ಅದರಲ್ಲಿ ಒಂದೂ ಒಳ್ಳೆಯ ಮಾತಲ್ಲ. ಕೇಳಿಸಿಕೊಳ್ಳುವವಳು ಮಾತ್ರ ಇಲ್ಲ…