ಗಾಯವಿಲ್ಲದ ಪಟ್ಟಿ

ಮೂಗಿರುವವರೆಗೆ ನೆಗಡಿ ತಪ್ಪಿದ್ದಲ್ಲ ಅನ್ನುತ್ತಾರೆ. ನನ್ನದು ನೆಗಡಿಯಲ್ಲ, ಸೈನಸ್ ಎಂದು ಎಷ್ಟು ಹೇಳಿದರೂ ಹಿರಿಯೂರಿನಲ್ಲಿ ನನ್ನನ್ನು ಬಲ್ಲವರು ಈ ಗಾದೆಯನ್ನೇ ಹೇಳಿ ನಗುತ್ತಿದ್ದರು. ಹುಬ್ಬಿನ ಮೇಲೆ, ಕೆನ್ನೆಯ ಎಲುಬಿನ ಹಿಂದೆ ಕೀವು ಕಟ್ಟಿಕೊಂಡು ಹಗಲೆಲ್ಲ ಸಿಡಿಯುತ್ತಿತ್ತು. ಬೂಟಿನ ಲೇಸು ಕಟ್ಟಲು ಬಗ್ಗಿದರೆ ಹಣೆಯೇ ಕಳಚಿ ನೆಲಕ್ಕೆ ಬೀಳುವಷ್ಟು ಭಾರ. ನಾನು ಹೈಸ್ಕೂಲ್ ಮೇಷ್ಟ್ರು. ಪಾಠದ ನಡುವೆ ಕರ್ಚೀಫು ತೆಗೆದರೆ ಸಾಕು, ಹಿಂದಿನ ಬೆಂಚಿನಿಂದ ಯಾರೋ ಸೊರ್ ಎಂದು ಸದ್ದು ಮಾಡುತ್ತಿದ್ದರು. ಹಬೆ ತೆಗೆದುಕೊಂಡೆ, ನೀಲಗಿರಿ ಎಣ್ಣೆ ಹಚ್ಚಿದೆ, ಆಂಟಿಬಯೋಟಿಕ್ ಮಾತ್ರೆ ಲೆಕ್ಕವಿಲ್ಲದಷ್ಟು ನುಂಗಿದೆ. ನಿಲ್ಲಿಸಿದ ಕೂಡಲೇ ಮತ್ತೆ ಅದೇ ಕಥೆ.

ನನಗೆ ಇನ್ನೊಂದು ಕಾಯಿಲೆಯೂ ಇದೆ. ನನ್ನ ನೋವನ್ನು ಯಾರಾದರೂ ಸಣ್ಣದು ಅಂದರೆ ಮೈ ಉರಿಯುತ್ತದೆ. ಹಾಗಾಗಿ ಚಿತ್ರದುರ್ಗದ ಕಿವಿ, ಮೂಗು, ಗಂಟಲಿನ ಡಾಕ್ಟರು ಸ್ಕ್ಯಾನ್ ನೋಡಿ, ಇನ್ನು ಮಾತ್ರೆಯಿಂದ ಆಗುವುದಿಲ್ಲ, ಆಪರೇಷನ್ ಥರದ್ದೇ ಒಂದು ಚಿಕಿತ್ಸೆ ಮಾಡಬೇಕು ಎಂದಾಗ ಹೆದರಿಕೆಗಿಂತ ಹೆಚ್ಚಾಗಿ ಸಮಾಧಾನವಾಯಿತು. ಇನ್ನು ಯಾರೂ ನಗುವಂತಿಲ್ಲ! ಆಮೇಲೆ ಅವರು ವಿವರಿಸಿದ್ದನ್ನು ಅರ್ಧಂಬರ್ಧ ಕೇಳಿಸಿಕೊಂಡು ಹೊರಬಂದು, ಬಸ್‌ಸ್ಟ್ಯಾಂಡಿನಿಂದಲೇ ನೆಂಟರಿಗೆಲ್ಲ ಫೋನ್ ಮಾಡಿದೆ. ಕಣ್ಣಿನ ಪಕ್ಕದಲ್ಲೇ, ಮೆದುಳಿನ ಬುಡದಲ್ಲೇ ಆಪರೇಷನ್ ಎಂದೆ. ಅದು ಸುಳ್ಳಲ್ಲ. ಆದರೆ ನಾನು ಹೇಳಿದ ದನಿ ಸುಳ್ಳಾಗಿತ್ತು.

ಅಕ್ಕನಿಗೆ ಹೇಳುವಾಗ ಆ ದನಿಯನ್ನು ಇನ್ನಷ್ಟು ಇಳಿಸಿದೆ. ಅಮ್ಮ ಹೋದ ಮೇಲೆ ನನ್ನನ್ನು ಬೆಳೆಸಿದವಳು ಅವಳು. ಹೊಸದುರ್ಗದ ಕಡೆ ಹಳ್ಳಿಯಲ್ಲಿದ್ದಾಳೆ. ಭಾವ ತೀರಿಕೊಂಡ ಮೇಲೆ ಮೈದುನನ ಸಂಸಾರದ ಜೊತೆಗೇ ಬದುಕು. ಆಗ ಅಲ್ಲಿ ಈರುಳ್ಳಿ ಕೀಳುವ ಕಾಲ.

"ನಿನ್ ಹೆಂಡ್ತಿಗೆ ರಜ ಸಿಗ್ತತೇನೋ?" ಎಂದು ಕೇಳಿದಳು.

"ಸಿಗಲ್ಲಕ್ಕ. ಅವಳ ಸ್ಕೂಲಲ್ಲಿ ಪರೀಕ್ಷೆ ನಡೀತಾ ಐತೆ."

"ಹಂಗಾರೆ ನಾನೇ ಬತ್ತೀನಿ ತಗ. ಮೈದುನಂಗೆ ಹೇಳ್ತೀನಿ, ನನ್ ತಮ್ಮಂಗೆ ದೊಡ್ಡ ಆಪರೇಷನ್ ಅಂತ."

ಆ ಮನೆಯಲ್ಲಿ ಹಂಗಾಮಿನ ಹೊತ್ತಿಗೆ ಹೊಲ ಬಿಟ್ಟು ಬಂದರೆ ಅವಳು ಎಷ್ಟು ಮಾತು ಕೇಳಬೇಕಾಗುತ್ತದೆಂದು ನನಗೆ ಗೊತ್ತಿತ್ತು. ಬೇಡ ಅನ್ನಬಹುದಿತ್ತು. ಅನ್ನಲಿಲ್ಲ.

ಆಸ್ಪತ್ರೆಯಲ್ಲಿ ನಡೆದದ್ದು ಇಷ್ಟು. ಮೂಗಿನ ಹೊಳ್ಳೆಯೊಳಗಿಂದ ತೆಳುವಾದ ನಳಿಕೆ ಬಿಟ್ಟರು. ಅದರ ತುದಿಯ ಪುಟ್ಟ ಬಲೂನನ್ನು ಮುಚ್ಚಿಹೋಗಿದ್ದ ದಾರಿಯಲ್ಲಿ ಉಬ್ಬಿಸಿ, ದಾರಿ ಅಗಲವಾದ ಮೇಲೆ ಹೊರಗೆ ತೆಗೆದು, ಒಳಗಿದ್ದ ಕೀವನ್ನು ತೊಳೆದರು. ಹೊರಗೆಲ್ಲೂ ಕೊಯ್ಯಲಿಲ್ಲ, ಹೊಲಿಯಲಿಲ್ಲ. ಸಂಜೆಗೆ ಮನೆಗೆ ಹೋಗಿ ಅಂದರು. ಜೋರಾಗಿ ಮೂಗು ಸೀಟಬೇಡಿ, ಕೊಟ್ಟಿರುವ ಉಪ್ಪುನೀರಿನಿಂದ ತೊಳೆಯುತ್ತಿರಿ, ಒಂದೆರಡು ದಿನ ಬಿಟ್ಟು ಸ್ಕೂಲಿಗೆ ಹೋಗಬಹುದು ಎಂದರು. ಕನ್ನಡಿ ನೋಡಿಕೊಂಡೆ. ಅದೇ ಮೂಗು, ಒಂದು ಗೀರೂ ಇಲ್ಲ. ಬೇರೆ ಯಾರಾದರೂ ಆಗಿದ್ದರೆ ದೇವರಿಗೆ ಕೈ ಮುಗಿಯುತ್ತಿದ್ದರು. ನನಗೆ ಮೋಸ ಹೋದಂತೆ ಅನ್ನಿಸಿತು.

ನಮ್ಮ ಕಡೆ ಆಪರೇಷನ್ ಆದವರನ್ನು ನೋಡಲು ಬರುವುದಕ್ಕೆ ಒಂದು ಪದ್ಧತಿಯಿದೆ. ಬ್ರೆಡ್ಡು, ಎಳನೀರು ಮಂಚದ ಪಕ್ಕದಲ್ಲಿಟ್ಟು, ಕೂತು, ಮೊದಲು ಕೇಳುವ ಮಾತು "ಎಲ್ಲಿ ಕೊಯ್ದಾರೆ?" ಮಲಗಿದವರು ಅಂಗಿಯನ್ನೋ ಸೆರಗನ್ನೋ ಸರಿಸಿ ತೋರಿಸಬೇಕು. ನೋಡಿದವರು "ಅಯ್ಯೋ ಶಿವನೇ" ಅನ್ನಬೇಕು. ಆಮೇಲೆ ಕಾಫಿ.

ಮರುದಿನ ಬೆಳಿಗ್ಗೆಯೇ ಆದಿವಾಲದಿಂದ ದೊಡ್ಡಪ್ಪ ಬಂದರು. ಕನ್ನಡಕ ಹಾಕಿಕೊಂಡು ನನ್ನ ಗದ್ದ ಹಿಡಿದು, ಸಂತೆಯಲ್ಲಿ ಹೋರಿ ನೋಡುವವರಂತೆ ಮುಖವನ್ನು ಆ ಕಡೆ ಈ ಕಡೆ ತಿರುಗಿಸಿದರು.

"ಎಲ್ಲೋ? ಏನೂ ಕಾಣವಲ್ದು."

"ಒಳಗೆ ದೊಡ್ಡಪ್ಪ. ಬಲೂನು ಬಿಟ್ಟು ದಾರಿ ಅಗಲ ಮಾಡ್ಯಾರೆ."

"ಬಲೂನಾ!" ದೊಡ್ಡಪ್ಪನ ಹೊಟ್ಟೆ ಕುಣಿಯತೊಡಗಿತು. "ಬೆಟ್ಟ ಅಗೆದು ಇಲಿ ಹಿಡ್ದಂಗಾತು ಬಿಡಪ್ಪ. ನೀನು ಫೋನಲ್ಲಿ ಹೇಳಿದ್ದು ಕೇಳಿ ನಾನು ತಲೆಬುರುಡೆನೇ ಬಿಚ್ಚವ್ರೆ ಅನ್ಕಂಡಿದ್ದೆ."

ನಾನೂ ನಕ್ಕೆ. ಮುಖ ಮಾತ್ರ ಕಾದು ಕೆಂಪಾಗಿತ್ತು. ಅವರು ಹೋದ ಮೇಲೆ ಅಕ್ಕನ ಫೋನ್ ಬಂತು. ಮಧ್ಯಾಹ್ನದ ಬಸ್ಸಿಗೆ ಬರುತ್ತಾಳೆ, ಅವಳನ್ನು ವಾಪಸ್ಸು ಕರೆದುಕೊಂಡು ಹೋಗಲು ಬಂದಾಗ ಮೈದುನನೂ ನನ್ನನ್ನು ನೋಡಿಕೊಂಡು ಹೋಗುತ್ತಾನಂತೆ. ಬಲೂನಿನ ಕಥೆ ಕೇಳಿ ಅವನು ನಕ್ಕರೆ, ಅಕ್ಕ ಮುಂದೆ ಆ ಮನೆಯಲ್ಲಿ ಹೇಗೆ ತಲೆಯೆತ್ತುತ್ತಾಳೆ? ಅವಳ ಮಾನ ಉಳಿಸಲು ಎಂದುಕೊಂಡೇ ಔಷಧದ ಡಬ್ಬ ತೆಗೆದೆ. ಉಳಿಸಲು ಹೊರಟದ್ದು ನನ್ನ ಮಾನವನ್ನು. ಮೂಗಿನ ಬೆನ್ನಿನ ಮೇಲೆ ಹತ್ತಿಯಿಟ್ಟು, ಅಡ್ಡಕ್ಕೆ ದಪ್ಪ ಪಟ್ಟಿ ಅಂಟಿಸಿಕೊಂಡೆ.

ಹೆಂಡತಿ ಸ್ಕೂಲಿಗೆ ಹೊರಟವಳು ನನ್ನನ್ನು ನೋಡಿ ಬಾಗಿಲಲ್ಲೇ ನಿಂತಳು. "ನಿಮ್ ಕ್ಲಾಸಿನ ಹುಡುಗ್ರು ಇದಕ್ಕಿಂತ ಚೆನ್ನಾಗಿ ಸುಳ್ಳು ಹೇಳ್ತಾರೆ. ಅತ್ತಿಗೇರಿಗೆ ನಾನೇನೂ ಹೇಳಾಕೆ ಹೋಗಲ್ಲ. ನೀವೇ ಹೇಳ್ರಿ," ಎಂದಳು.

ಹೇಳಬೇಕೆಂದೇ ಇದ್ದೆ. ಅಕ್ಕ ಬಂದು, ಚೀಲ ಕೂಡ ಇಳಿಸದೆ ನನ್ನ ಮುಖ ನೋಡಿ "ಎಷ್ಟು ನೋವಾತೋ ಏನೋ" ಎಂದು ಅತ್ತುಬಿಟ್ಟಳು. ನಾನು ಪಟ್ಟಿಯ ಅಂಚು ಒತ್ತಿಕೊಂಡು ಮಲಗಿದೆ.

ಅವಳು ನನ್ನನ್ನು ಎದ್ದೇಳಲು ಬಿಡಲಿಲ್ಲ. ಅಗಿದರೆ ಮೂಗಿಗೆ ನೋವೆಂದು ರಾಗಿ ಗಂಜಿ ಕಾಸಿ ಚಮಚದಲ್ಲಿ ಕುಡಿಸಿದಳು. ನನ್ನ ಬನಿಯನ್ನು ಒಗೆದಳು. ಹಾಸಿಗೆ ಕೊಡುತ್ತೇನೆಂದರೂ ಬೇಡವೆಂದು ಮಂಚದ ಕೆಳಗೆ ಚಾಪೆಯಲ್ಲಿ ಮಲಗಿದಳು. ನಾಚಿಕೆಗೇಡೆಂದರೆ, ನಾನು ಅಷ್ಟು ಹೊತ್ತಿಗೆ ಗುಣವಾಗುತ್ತಿದ್ದೆ. ಎಷ್ಟೋ ವರ್ಷದ ಮೇಲೆ ಬಾಯಿ ಮುಚ್ಚಿಕೊಂಡು ಉಸಿರಾಡುತ್ತಿದ್ದೆ. ಅಡುಗೆಮನೆಯಿಂದ ಅಕ್ಕ ಕಡಲೆಬೀಜ ಹುರಿಯುವ ವಾಸನೆ ಬಂತು. ವಾಸನೆ! ಎದ್ದು ಕೂಗಿ ಹೇಳಬೇಕೆನ್ನಿಸಿತು. ಹೇಳಿದರೆ ಪಟ್ಟಿಯ ಗತಿಯೇನು? ಗೋಡೆ ಕಡೆ ತಿರುಗಿ ಮಲಗಿದೆ.

ನೆಲದ ಮೇಲಿನ ಪಾತ್ರೆ ಎತ್ತುವಾಗ ಅಕ್ಕ ಒಂದು ಕೈಯನ್ನು ಕಿಬ್ಬೊಟ್ಟೆಗೆ ಒತ್ತಿಕೊಳ್ಳುತ್ತಿದ್ದಳು. ಅವಳ ಗರ್ಭಕೋಶ ತೆಗೆದಿದ್ದು ಹೊಟ್ಟೆ ಕೊಯ್ದು. ಆಗ ನಾನು ಬ್ರೆಡ್ಡು ಹಿಡಿದು ಹೋಗಿ, ಕಾಫಿ ಕುಡಿದು, ಬಸ್ಸಿಗೆ ಹೊತ್ತಾಯಿತೆಂದು ಎದ್ದು ಬಂದಿದ್ದೆ. ಹೊಲಿಗೆ ಒಣಗುವ ಮೊದಲೇ ಅವಳು ಹುಲ್ಲಿನ ಹೊರೆ ಹೊತ್ತಳೆಂದು ಆಮೇಲೆ ಯಾರೋ ಹೇಳಿದ್ದರು. ಇಲ್ಲಿ ಅದೇ ಕೈಯಿಂದ ನನಗೆ ಗಂಜಿ.

ಮೈದುನ ಬರುವ ದಿನ ಬೆಳಿಗ್ಗೆ ಅಕ್ಕ ಬಿಸಿನೀರಿನ ಬಟ್ಟಲು ತಂದು ಪಕ್ಕದಲ್ಲಿ ಕೂತಳು.

"ಪಟ್ಟಿ ಕೊಳೆಯಾಗೇತೆ. ಬಿಚ್ಚಿ ಬೇರೆ ಹಾಕಾಣ."

"ಬೇಡಕ್ಕ. ಡಾಕ್ಟ್ರು ಮುಟ್ಟಬೇಡ ಅಂದವ್ರೆ."

"ಸುಮ್ನಿರೋ. ಕೀವು ಆದ್ರೆ ಏನು ಗತಿ?"

ಬಟ್ಟೆ ಅದ್ದಿ ಅದ್ದಿ ಒತ್ತಿ, ನನಗೆ ನೋಯಬಾರದೆಂದು ಉಸಿರು ಹಿಡಿದು, ಅಂಚಿನಿಂದ ಮೆಲ್ಲಗೆ ಬಿಡಿಸಿದಳು. ನಾನು ಕಣ್ಣು ಮುಚ್ಚಿಕೊಂಡೆ. ಪಟ್ಟಿ ಬಂತು. ಹತ್ತಿಯೂ ಬಂತು. ಅವಳ ಕೈ ನಿಂತಿತು. ಕಣ್ಣು ಬಿಟ್ಟಾಗ ಅವಳು ಹತ್ತಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಬೆಳ್ಳಗಿತ್ತು. ಹೆಬ್ಬೆರಳಿನಿಂದ ನನ್ನ ಮೂಗನ್ನು ಮೇಲಿಂದ ಕೆಳಗಿನವರೆಗೆ ಒಮ್ಮೆ ಸವರಿದಳು.

ಬಯ್ಯುತ್ತಾಳೆ ಎಂದು ಕಾದೆ. ಬಯ್ದಿದ್ದರೆ ಚೆನ್ನಾಗಿತ್ತು. ಅಷ್ಟರಲ್ಲಿ ಗೇಟಿನ ಹತ್ತಿರ ಬೈಕು ನಿಂತ ಸದ್ದಾಯಿತು. ಅವಳ ಮೈದುನನ ಕೆಮ್ಮು.

ಅಕ್ಕ ಡಬ್ಬದಿಂದ ಹೊಸ ಹತ್ತಿ ತೆಗೆದಳು. ಪಟ್ಟಿಯನ್ನು ನಾನು ಕತ್ತರಿಸಿದ್ದಕ್ಕಿಂತ ಉದ್ದಕ್ಕೆ ಕತ್ತರಿಸಿ, ಕೆನ್ನೆಯಿಂದ ಕೆನ್ನೆಗೆ ಅಂಟಿಸಿ, ಎರಡೂ ತುದಿಯನ್ನು ಗಟ್ಟಿಯಾಗಿ ಒತ್ತಿದಳು.

"ಅಕ್ಕಾ..." ಎಂದೆ. ಕಣ್ಣಲ್ಲಿ ನೀರು ಬಂತು.

"ಅಳಬ್ಯಾಡ. ನೆನೆದ್ರೆ ಪಟ್ಟಿ ಬಿಟ್ಕಂತತೆ," ಎಂದು ಸಣ್ಣ ದನಿಯಲ್ಲಿ ಹೇಳಿ ಬಾಗಿಲು ತೆಗೆಯಲು ಎದ್ದಳು.

ಮೈದುನ ಬ್ರೆಡ್ಡು ಇಟ್ಟು ಕುರ್ಚಿ ಎಳೆದುಕೊಂಡ. "ಎಲ್ಲಿ ಕೊಯ್ದಾರೆ?" ಎಂದು ನನ್ನ ಕಡೆ ಬಗ್ಗಿದ.

"ದೂರ ಕುಂತ್ಕಳ್ರಿ," ಎಂದಳು ಅಕ್ಕ. ಆ ಮನೆಯವರ ಮುಂದೆ ಎಂದೂ ಒಂದು ಸುಳ್ಳು ಹೇಳದವಳು, ನನ್ನ ಕಡೆ ನೋಡದೆ ಮುಂದುವರಿಸಿದಳು: "ಈಗ್ತಾನೆ ನಾನೇ ಬಿಚ್ಚಿ ನೋಡ್ದೆ. ಇನ್ನೂ ಹಸಿ ಗಾಯ. ಭಾಳ ನೋವೈತೆ ಅವನಿಗೆ."

ಇಬ್ಬರೂ ನನ್ನ ಮುಖ ನೋಡಿದರು. ಈಗ ನಾನು ನರಳಬೇಕಿತ್ತು. ನರಳಿದೆ.