ನಿಂತು ತೊಳೆಯುವ ಚಲುವಮ್ಮ

ಸುಂಟಿಕೊಪ್ಪದ ಈ ಮದುವೆ ಛತ್ರದ ಹಿಂಬಾಗಿಲು ತೆರೆಯುವಾಗ ಇನ್ನೂ ಪೂರ್ತಿ ಬೆಳಕಾಗಿಲ್ಲ. ಕುಶಾಲನಗರದ ಕಡೆಯಿಂದ ಮೊದಲ ಬಸ್ಸಿಗೆ ಬಂದಿಳಿದ ಚಲುವಮ್ಮ ಸ್ವೆಟರ್ ಕೂಡ ಬಿಚ್ಚದೆ ಸೆರಗು ಸೊಂಟಕ್ಕೆ ಸಿಕ್ಕಿಸುತ್ತಾರೆ. ಗೋಡೆಗೆ ಒರಗಿಸಿದ ಹಲಗೆಯೊಂದನ್ನು ಕಾಲಿನಿಂದಲೇ ಎಳೆದುಕೊಳ್ಳುತ್ತಾರೆ. ಅಡುಗೆಮನೆಯ ಸ್ಟೀಲ್ ಸಿಂಕ್ ಎತ್ತರದ್ದು. ಹಲಗೆ ಹತ್ತದಿದ್ದರೆ ಅದರ ತಳಕ್ಕೆ ಇವರ ಕೈ ಎಟುಕುವುದಿಲ್ಲ. ಹತ್ತಿ ನಿಂತು, ಉಸಿರು ಬಿಟ್ಟು, ಅಂಗೈಯಿಂದ ಸಿಂಕಿನ ತಳವನ್ನು ಸವರುತ್ತಾರೆ, ಮಗುವಿಗೆ ಜ್ವರ ಇಳಿದಿದೆಯೇ ಎಂದು ಹಣೆ ಮುಟ್ಟುವ ಹಾಗೆ. ಸ್ಟೀಲಿನ ಮಂಕು ಇನ್ನೂ ಪೂರ್ತಿ ಇಳಿದಿಲ್ಲ.

ಇವತ್ತು ಛತ್ರದ ಸಮಿತಿಯವರು ಬರುತ್ತಾರೆ. ಈ ಸಿಂಕ್ ಪಾತ್ರೆ ತೊಳೆಯಲು ಚಲುವಮ್ಮನಿಗೆ ಉಳಿಯುತ್ತದೋ, ಅಥವಾ ಅವರು ಮತ್ತೆ ಹಿತ್ತಲಿನ ನಲ್ಲಿಯ ಹತ್ತಿರ ಕುಕ್ಕರಗಾಲಲ್ಲಿ ಕೂರಬೇಕೋ ಎನ್ನುವುದು ಇವತ್ತು ತೀರ್ಮಾನವಾಗುತ್ತದೆ.

ಮದುವೆಗೆ ಬಂದವರು ಅಡುಗೆ ಮಾಡಿದವರು ಯಾರು ಎಂದು ಕೇಳುತ್ತಾರೆ, ಮಂಟಪಕ್ಕೆ ಹೂ ಕಟ್ಟಿದವರು ಯಾರು ಎಂದು ಕೇಳುತ್ತಾರೆ. ಪಾತ್ರೆ ತೊಳೆದವರನ್ನು ಕೇಳಿದವರಿಲ್ಲ. ಅನ್ನದ ದಬರಿ, ಜಿಡ್ಡು ಹೆಪ್ಪುಗಟ್ಟಿದ ಹಂದಿ ಮಾಂಸದ ಪಾತ್ರೆ, ಪಾಯಸ ತಳ ಹಿಡಿದ ಬಾಣಲೆ ಎಲ್ಲ ಮುಗಿದ ಮೇಲೆ ಕೊನೆಗೆ ಸಿಂಕಿನ ಸರದಿ. ಜನ ಎಲ್ಲ ಮನೆ ಸೇರಿರುವ ಹೊತ್ತು ಅದು. ತೋಳು ಸೋತಿರುತ್ತದೆ, ಬಸ್ಸು ತಪ್ಪುವ ಭಯ ಬೇರೆ. ಆದರೂ ಸೋಪು ಹಾಕಿ ಉಜ್ಜಿ, ನೀರು ಹಾಯಿಸಿ, ಒಣಬಟ್ಟೆಯಲ್ಲಿ ಒರೆಸದೆ ಚಲುವಮ್ಮ ಹೊರಡುವುದಿಲ್ಲ. "ಒದ್ದೆ ಬಿಟ್ಟು ಹೋದ್ರೆ ನೀರಿನ ಕಲೆ ಕೂತ್ಕತದೆ. ನಾಳೆ ಅದೂ ನಂದೇ ಕೆಲ್ಸ ಅಲ್ವ?" ಎನ್ನುತ್ತಾರೆ.

ಚಲುವಮ್ಮನ ಅಜ್ಜ ಅರಕಲಗೂಡಿನ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಗದ್ದೆ ಮಾಡಿದವರು. ಪಾಲಾಗಿ ಪಾಲಾಗಿ ಈಗ ಗದ್ದೆ ಹೆಸರಿಗಷ್ಟೇ. ಗಂಡ ದೇವರಾಜು ಶುಂಠಿ ಮೂಟೆ ಹೊತ್ತು ಬೆನ್ನು ಹಿಡಿಸಿಕೊಂಡಿದ್ದಾರೆ. ಇವರಿಗೆ ಮಂಡಿ ನೋವು. ಛತ್ರದಲ್ಲಿ ವರ್ಷಗಟ್ಟಲೆ ಪಾತ್ರೆ ತೊಳೆದದ್ದು ಹಿತ್ತಲಿನ ನಲ್ಲಿಯಲ್ಲೇ. ಕೊಡಗಿನ ಮಳೆ ಗೊತ್ತಲ್ಲ, ಮೇಲೆ ಕಟ್ಟಿದ ಪ್ಲಾಸ್ಟಿಕ್ ಶೀಟು ಇದ್ದೂ ಇಲ್ಲದ ಹಾಗೆ. ಏಳಬೇಕಾದರೆ ಒಂದು ಕೈ ಗೋಡೆಗೆ, ಇನ್ನೊಂದು ಕೈ ದಬರಿಗೆ.

ಕಳೆದ ವರ್ಷ ಅಡುಗೆಮನೆ ರಿಪೇರಿ ಮಾಡಿಸುವಾಗ ಛತ್ರದ ಮೇಲ್ವಿಚಾರಕ ಉತ್ತಯ್ಯನವರು ಸಮಿತಿಯನ್ನು ಒಪ್ಪಿಸಿ ಈ ಸಿಂಕ್ ಹಾಕಿಸಿದರು. ಮೊದಲ ದಿನವನ್ನು ಚಲುವಮ್ಮ ಮರೆತಿಲ್ಲ. "ನಿಂತ್ಕಂಡು ತೊಳ್ದು ಹೋದೆ. ಬಸ್ಸಿನ ಮೆಟ್ಲು ಹತ್ತೋವಾಗ ಗೊತ್ತಾಯ್ತು, ಮಂಡಿ ನನ್ನ ಬಯ್ತಾ ಇಲ್ಲ ಅಂತ."

ಕಷ್ಟ ಬಂದದ್ದು ಹೋದ ವಾರ, ಅದೂ ಪ್ರೀತಿಯಿಂದಲೇ. ಮದುವೆ ಸೀಸನ್ ಮುಗಿಯುತ್ತಿತ್ತು. ಸಮಿತಿಯವರು ಅಡುಗೆಮನೆ ನೋಡಲು ಬರುವ ಮೊದಲು ಸಿಂಕ್ ಹೊಸದರ ಹಾಗೆ ಹೊಳೆಯಲಿ ಎಂದು ಚಲುವಮ್ಮನಿಗೆ ಆಸೆ. ಮನೆಯ ತಾಮ್ರದ ಹಂಡೆಯನ್ನು ಹುಣಸೆಹುಳಿ, ಉಪ್ಪು ಹಾಕಿ ಬೆಳಗಿ ಬೆಳೆದ ಕೈ ಅದು. ಹಂದಿ ಮಾಂಸದ ಸಾರಿಗೆ ಹಾಕುವ ಕಾಚಂಪುಳಿ, ಅದೇ ಕಪ್ಪು ಹುಳಿ, ಸೀಸೆಯ ತಳದಲ್ಲಿ ಗಟ್ಟಿಯಾಗಿ ಉಳಿದಿತ್ತು. ಹುಣಸೆಗಿಂತ ಇದು ಜೋರು ಎಂದುಕೊಂಡು, ಒಂದು ಹಿಡಿ ಕಲ್ಲುಪ್ಪು ಸೇರಿಸಿ ಸಿಂಕಿಗೆಲ್ಲ ಬಳಿದರು. ಚೆನ್ನಾಗಿ ಹಿಡಿಯಲಿ ಎಂದು ಹಾಗೇ ಬಿಟ್ಟು ಮನೆಗೆ ಹೋದರು.

ಬೆಳಿಗ್ಗೆ ಬಂದು ನೋಡಿದರೆ ಸ್ಟೀಲು ಮಂಕಾಗಿ ಬೂದಿ ಬಣ್ಣಕ್ಕೆ ತಿರುಗಿದೆ, ಉಪ್ಪಿನ ಹರಳು ಕೂತಲ್ಲೆಲ್ಲ ಕಂದು ಚುಕ್ಕೆ. ಅಡುಗೆಯ ಪೊನ್ನಪ್ಪ ಬಗ್ಗಿ ನೋಡಿ, "ಏನ್ ಚಲುವಕ್ಕ, ಸಿಂಕಿಗೆ ಒಗ್ಗರಣೆ ಹಾಕಿದ್ದಾ? ಸಾಸಿವೆ ಸಿಡಿದ ಹಾಗೆ ಕಾಣ್ತದೆ" ಎಂದರಂತೆ. ಚಲುವಮ್ಮನಿಗೆ ನಗು ಬರಲಿಲ್ಲ. ಗಾಬರಿಯಲ್ಲಿ ಕಬ್ಬಿಣದ ನಾರು ತೆಗೆದುಕೊಂಡು ಅಡ್ಡಾದಿಡ್ಡಿ ತಿಕ್ಕಿದರು. ಚುಕ್ಕೆಯ ಜೊತೆಗೆ ಗೀರೂ ಬಂತು.

ಉತ್ತಯ್ಯನವರು ಬಯ್ಯಲಿಲ್ಲ. ಬಾಗಿಲಲ್ಲೇ ನಿಂತು ಹೇಳಿದರು: "ಚಲುವಮ್ಮ, ಇದು ಹೀಗೇ ಇದ್ರೆ ಸಮಿತಿಯವರು ಅಡುಗೆಯವರ ಕೈ ತೊಳೆಯೂಕೆ ಮಾತ್ರ ಇರ್ಲಿ ಅಂತಾರೆ. ಪಾತ್ರೆ ಎಲ್ಲ ಹೊರಗೆ ಹೋಗ್ತದೆ. ಆಮೇಲೆ ನನ್ನ ಮಾತು ನಡೆಯೂದಿಲ್ಲ."

ಅಂದಿನಿಂದ ಇದೇ ಕೆಲಸ. ಪೊನ್ನಪ್ಪ ಬೋಂಡಕ್ಕೆ ಹಾಕುವ ಅಡುಗೆ ಸೋಡ ಕೊಟ್ಟು, ನೀರಲ್ಲಿ ಕಲಸಿ ಹಚ್ಚಿ ನೋಡು ಎಂದಿದ್ದಾರೆ. ಕಿಟಕಿಯ ಬೆಳಕು ಓರೆಯಾಗಿ ಬಿದ್ದಾಗ ಸ್ಟೀಲಿನ ಮೈಮೇಲೆ ಒಂದೇ ದಿಕ್ಕಿಗೆ ಸಣ್ಣ ಗೆರೆಗಳಿರುವುದು ಚಲುವಮ್ಮನ ಕಣ್ಣಿಗೆ ಬಿದ್ದಿದೆ. ಈಗ ನಾರು ಮುಟ್ಟುವುದಿಲ್ಲ. ಹಳೆಯ ಹತ್ತಿ ಪಂಚೆಯ ತುಂಡಿನಲ್ಲಿ ಸೋಡ ತೆಗೆದುಕೊಂಡು ಆ ಗೆರೆಯ ದಾರಿಯಲ್ಲೇ ಮೆಲ್ಲಗೆ ಉಜ್ಜುತ್ತಾರೆ, ತೊಳೆಯುತ್ತಾರೆ, ಒರೆಸುತ್ತಾರೆ, ಮತ್ತೆ ಉಜ್ಜುತ್ತಾರೆ. "ಹಸು ಮೈ ತೊಳ್ಯೋವಾಗ ಕೂದ್ಲು ಮಲಗಿರೋ ಕಡೀಕೇ ಉಜ್ತೀವಲ್ಲ, ಹಂಗೆ. ಎದುರು ಉಜ್ಜಿದ್ರೆ ಅದೂ ಒದೀತದೆ." ಬೆರಳ ತುದಿಗಳು ನೆನೆದು ಬೆಳ್ಳಗಾಗಿ ಬಿರುಕು ಬಿಟ್ಟಿವೆ. ನಡುವೆ ಆಗಾಗ ಸಿಂಕಿನ ಅಂಚಿಗೆ ಮೊಣಕೈ ಊರಿ ಸುಮ್ಮನೆ ನಿಲ್ಲುತ್ತಾರೆ.

ಬಿಸಿಲು ಅಡುಗೆಮನೆಯೊಳಕ್ಕೆ ಬರುವ ಹೊತ್ತಿಗೆ ಮಂಕು ಹರಿದಿದೆ. ಗೀರುಗಳು ತೆಳುವಾಗಿವೆ. ಕೊನೆಗೆ ಬಟ್ಟೆಗೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಸೋಕಿಸಿ ಒರೆಸಿದಾಗ ಕಿಟಕಿಯ ಸರಳುಗಳು ಸಿಂಕಿನೊಳಗೆ ಕಾಣುತ್ತವೆ. ನೀರು ಹೋಗುವ ತೂತಿನ ಪಕ್ಕದ ಮೂಲೆಯಲ್ಲಿ ಮಾತ್ರ ಕೆಲವು ಚುಕ್ಕೆಗಳು ಹೋಗಿಲ್ಲ. ಉಪ್ಪು ಅಲ್ಲಿ ಸ್ಟೀಲನ್ನೇ ತಿಂದಿದೆ.

ಹೊರಗೆ ಜೀಪಿನ ಸದ್ದಾಗುತ್ತದೆ. ಉತ್ತಯ್ಯನವರು ಒಳಗೆ ಬಂದು, ಒಮ್ಮೆ ನೋಡಿ, ಸೋಪಿನ ಡಬ್ಬಿಯನ್ನು ಆ ಚುಕ್ಕೆಗಳ ಮೇಲೆ ಇಡುತ್ತಾರೆ. ಅವರು ಆಚೆ ಹೋದ ಮೇಲೆ ಚಲುವಮ್ಮ ಡಬ್ಬಿಯನ್ನು ತೆಗೆದು ಕಟ್ಟೆಯ ಮೇಲಿಟ್ಟು ಆ ಮೂಲೆಯನ್ನು ಇನ್ನೊಮ್ಮೆ ಒರೆಸುತ್ತಾರೆ. "ಅದರಡಿ ನೀರು ನಿಂತ್ರೆ ಇನ್ನೊಂದು ಕಲೆ ಬತ್ತದೆ," ಎನ್ನುತ್ತಾರೆ, ತಮಗೆ ತಾವೇ ಹೇಳಿಕೊಂಡ ಹಾಗೆ.

ಸಮಿತಿಯ ಹಿರಿಯರೊಬ್ಬರು ಸಿಂಕಿನ ಉದ್ದಕ್ಕೂ ಕೈ ಆಡಿಸುತ್ತಾರೆ. ಮೂಲೆಯಲ್ಲಿ ಬೆರಳು ನಿಲ್ಲುತ್ತದೆ. ಇದೇನು ಎಂದು ಕೇಳಿದ್ದಕ್ಕೆ ಚಲುವಮ್ಮ ಕಾಚಂಪುಳಿಯ ಕಥೆಯನ್ನು ಇದ್ದ ಹಾಗೆ ಹೇಳುತ್ತಾರೆ. ಹಿರಿಯರು ಉತ್ತಯ್ಯನವರ ಮುಖ ನೋಡುತ್ತಾರೆ, ಆಮೇಲೆ ಸಿಂಕನ್ನು. ಈ ಮಳೆಗಾಲ ಇಲ್ಲೇ ತೊಳೆಯಲಿ, ಆಮೇಲೆ ನೋಡೋಣ ಎಂದು ಹೇಳಿ ಊಟದ ಹಾಲ್ ಕಡೆಗೆ ನಡೆಯುತ್ತಾರೆ.

ಪೂರ್ತಿ ಗೆಲುವಲ್ಲ, ಒಂದು ಮಳೆಗಾಲ. ಚಲುವಮ್ಮ ಹಲಗೆಯಿಂದ ಇಳಿಯುವುದಿಲ್ಲ. ಪೊನ್ನಪ್ಪ ಕೊಟ್ಟ ಕಾಫಿಯನ್ನು ಅಲ್ಲೇ ನಿಂತು ಕುಡಿದು, ಲೋಟ ತೊಳೆದು, ಅದರಿಂದ ಬಿದ್ದ ಹನಿಗಳನ್ನೂ ಒರೆಸುತ್ತಾರೆ. ಸ್ವಲ್ಪ ಕೂತು ಸುಧಾರಿಸಿಕೊಳ್ಳಬಾರದೇ ಎಂದರೆ ತಲೆ ಅಲ್ಲಾಡಿಸುತ್ತಾರೆ.

"ಸುಸ್ತು ಹೆಂಗಿದ್ರೂ ಆಗೋದೇ. ನಿಂತ್ಕಂಡು ಆಗ್ಲಿ."