ಅವ್ವ ಬಳೆ ತೆಗೆದ ಸಂಜೆ

ಪಕ್ಕದ ಮನೆಯಾಕೆ ಬೆಳಿಗ್ಗೆ ರೊಟ್ಟಿ ಬಡಿಯಲು ಕೂತರೆ ನನಗೆ ಕೆಲಸಕ್ಕೆ ಕೈ ಏಳುವುದಿಲ್ಲ. ಹಿಟ್ಟಿನ ಮೇಲೆ ಅಂಗೈ ಬೀಳುವ ತಪತಪ, ಅದರ ಬೆನ್ನಿಗೇ ಗಾಜಿನ ಬಳೆಗಳ ಖಣಖಣ. ಎರಡೂ ಕೂಡಿದರೇ ಅದು ರೊಟ್ಟಿಯ ಸದ್ದು, ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹುಬ್ಬಳ್ಳಿಯ ನಮ್ಮ ಹೆಂಚಿನ ಮನೆಯಲ್ಲಿ ನಾನು ದಿನಾ ಆ ಸದ್ದಿಗೇ ಏಳುತ್ತಿದ್ದೆ. ಒಲೆಯ ಮುಂದೆ ಅವ್ವ, ಮುಂಗೈತನಕ ಜೋಳದ ಹಿಟ್ಟು, ಎರಡೂ ಕೈ ತುಂಬ ಹಸಿರು ಬಳೆ. ನಾವು ಕ್ರೈಸ್ತರು, ತಲೆಮಾರುಗಳಿಂದ ಒಂದೇ ಹಳೆಯ ಸಭೆಗೆ ಹೋಗುತ್ತಿದ್ದವರು. ಹಣೆಗೆ ಕುಂಕುಮವಿರಲಿಲ್ಲ ನಿಜ, ಆದರೆ ಬಳೆಯ ತಂಟೆಗೆ ಯಾವ ಪಾದ್ರಿಯೂ ಬಂದಿರಲಿಲ್ಲ. ಅವ್ವನಿಗಿದ್ದ ಆಸೆಯೂ ಅದೊಂದೇ.

ಅಪ್ಪ ಗೋಕುಲ ರಸ್ತೆಯ ಕಾರ್ಖಾನೆಯೊಂದರಲ್ಲಿ ಲೇಥ್ ಯಂತ್ರದ ಮೇಲೆ ಕಬ್ಬಿಣ ಕಡೆಯುವ ಟರ್ನರ್ ಆಗಿದ್ದ. ನಾನು ಐದನೇ ಇಯತ್ತೆಯಲ್ಲಿದ್ದಾಗ ಜೊತೆಗಾರನೊಬ್ಬ ಅವನನ್ನು ಹೊಸದೊಂದು ಪ್ರಾರ್ಥನಾ ಕೂಟಕ್ಕೆ ಕರೆದುಕೊಂಡು ಹೋದ. ಬರೆದದ್ದನ್ನು ಬರೆದ ಹಾಗೇ ಬದುಕಬೇಕು ಎಂಬುದು ಅಲ್ಲಿಯ ಬೋಧನೆ. ಲೇಥಿನ ಮುಂದೆ ಕೂದಲೆಳೆಯಷ್ಟು ಆಚೀಚೆಯಾದರೂ ಒಪ್ಪದ ಅಪ್ಪನಿಗೆ ಆ ಮಾತು ಭಾಳ ಹಿಡಿಸಿತು. ಒಂದು ಸಂಜೆ ಮನೆಪ್ರಾರ್ಥನೆಯಲ್ಲಿ ಸತ್ಯವೇದದ ಒಂದು ಪುಟ ತೆಗೆದು ನನ್ನ ಕೈಗೆ ಕೊಟ್ಟ. ಹೆಂಗಸರ ಅಲಂಕಾರ ಜಡೆಯಲ್ಲೂ ಚಿನ್ನದಲ್ಲೂ ಇಲ್ಲ, ಒಳಗಿನ ಶಾಂತ ಮನಸ್ಸಿನಲ್ಲಿದೆ ಎಂಬಂಥ ಮಾತು ಅದು. ಸಾಲೆಯಲ್ಲಿ ಓದಿಗೆ ಬಹುಮಾನ ಪಡೆದವಳು ನಾನು, ಗಂಟಲು ಬಿಚ್ಚಿ ಓದಿದೆ. "ಸಾಕವಾ, ಅಷ್ಟ ಸಾಕು," ಎಂದು ಅಪ್ಪ ಪುಸ್ತಕ ಇಸಿದುಕೊಂಡ.

"ಇವು ಬಂಗಾರ ಅಲ್ಲಲ್ರಿ, ಗಾಜು," ಎಂದಳು ಅವ್ವ.

"ಗಾಜಾದ್ರೇನು, ಹೊರಗಿನ ಅಲಂಕಾರನ ಅಲ್ಲೇನು," ಎಂದ ಅಪ್ಪ.

ಅವ್ವ ಬಚ್ಚಲಿಗೆ ಹೋಗಿ ಸಾಬೂನು ಹಚ್ಚಿ ಒಂದೊಂದೇ ಬಳೆ ತೆಗೆದಳು. ಎರಡು ಬರಲೇ ಇಲ್ಲ, ಅವನ್ನು ಅಡುಗೆಮನೆಯ ಒಳಕಲ್ಲಿಗೆ ಬಡಿದು ಒಡೆದುಕೊಂಡಳು. ಸದ್ದು ಕೇಳಿ ಬಂದ ಅಜ್ಜಿ, ಅಪ್ಪನ ತಾಯಿ, ಎದೆ ಬಡಿದುಕೊಂಡಳು. ನಮ್ಮ ಕಡೆ ಬಳೆ ಒಡೆಯುವುದು ಗಂಡ ಸತ್ತಾಗ. "ಏ ಯಪ್ಪಾ, ನೀ ಇನ್ನಾ ಜೀವಂತ ಅದಿಯಲ್ಲೋ! ಸೊಸಿ ಕೈ ಯಾಕ ಬೋಳು ಮಾಡಿದ್ಯೋ?" ಅಪ್ಪ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿಟ್ಟ. ನಾನೋ, ಛಲೋ ಓದಿದಿ ಎಂದು ಯಾರಾದರೂ ಅಂದಾರೆಂದು ಕಾಯುತ್ತ ಕೂತಿದ್ದೆ. ಥೂ, ಎಂಥ ಹುಡುಗಿ! ಮರುದಿನದಿಂದ ನಮ್ಮ ಒಲೆಯ ಮುಂದೆ ಬರೀ ತಪತಪ.

ವರ್ಷಗಳು ಕಳೆದು ಅಜ್ಜಿ ತೀರಿಕೊಂಡಳು. ಆ ಮನೆ ಕೆಡವಿ ಅಂಗಡಿಗಳನ್ನು ಕಟ್ಟಿದರು. ಕಳೆದ ಮಳೆಗಾಲದಲ್ಲಿ ಅವ್ವನನ್ನು ಸತ್ತೂರಿನ ಆಸ್ಪತ್ರೆಗೆ ಸೇರಿಸಿದೆವು. ಆಪರೇಶನ್ನಿಗೆ ಮುಂಚೆ ನರ್ಸು, "ಬಳಿ, ಸರ ಎಲ್ಲಾ ತಗೀರಿ," ಎಂದು ವಾಡಿಕೆಯಂತೆ ಹೇಳಿ, ಆಕೆಯ ಬೋಳು ಕೈ ನೋಡಿದಳು. ಅವ್ವ ನಕ್ಕಳು. "ನಮ್ಮನಿಯವ್ರು ಯಾವಾಗೋ ತಗಸ್ಯಾರವಾ, ನಿಮಗ ಕೆಲಸಾನ ಇಟ್ಟಿಲ್ಲ." ಅಪ್ಪ ಬಾಗಿಲಲ್ಲೇ ನಿಂತಿದ್ದ. ಆಮೇಲೆ ಹದಿನಾಲ್ಕು ದಿನ ಅಲ್ಲಿನ ವರಾಂಡದಲ್ಲಿ ಮೊಣಕಾಲೂರಿ ಬೇಡಿದ. ಅವ್ವ ಉಳಿಯಲಿಲ್ಲ.

ಮಣ್ಣು ಮಾಡಿ ಬಂದ ವಾರದೊಳಗೆ ಅಪ್ಪ ಪುಸ್ತಕ ಹಿಡಿದು ನನ್ನ ಹತ್ತಿರ ಬಂದ. "ಅವತ್ತ ನಿನ್ನ ಓದು ನಿಲ್ಲಿಸಿದ್ನಲ್ಲಾ, ಅದರ ಕೆಳಗ ಎರಡು ವಚನ ದಾಟಿದ್ರ ಗಂಡಸರಿಗೂ ಬರದೈತಿ. ಹೇಂತಿಗೆ ಮಾನ ಕೊಡ್ರಿ, ಇಲ್ಲಾಂದ್ರ ನಿಮ್ಮ ಪ್ರಾರ್ಥನಿಗೆ ಅಡ್ಡಿ ಆಗತೈತಿ ಅಂತ. ಇಷ್ಟು ವರ್ಷ ಅದು ನನಗ ಹೇಳಿದ್ದು ಅಂತ ಓದಲೇ ಇಲ್ಲ. ಸತ್ತೂರಾಗ ನಾ ಬೇಡಿದ್ದು ಒಂದೂ ಮುಟ್ಟಿರ್ಲಿಕ್ಕಿಲ್ಲವಾ. ನಾನ ಆಕಿನ್ನ ಕಳಕೊಂಡೆ."

ಇಷ್ಟು ವರ್ಷ ಅವನ ಮೇಲೆ ಇಟ್ಟುಕೊಂಡಿದ್ದ ಸಿಟ್ಟು ಎಲ್ಲಿ ಹೋಯಿತೋ, ನನಗೆ ಅಳುವೇ ಬಂತು. "ಅಪ್ಪಾ, ಅದರ ಅರ್ಥ ಹಂಗಲ್ಲ," ಎಂದೆ.

"ಹಂಗಾರ ಹ್ಯಾಂಗ? ಹೇಳವಾ," ಎಂದು ನನ್ನ ಮುಖವನ್ನೇ ನೋಡುತ್ತ ಕೂತ.

ನನಗೆ ಗೊತ್ತಿರಲಿಲ್ಲ. ಅವ್ವನಿಗೆ ಗೊತ್ತಿತ್ತೇನೋ. ಆಕೆಯನ್ನು ನಾವಿಬ್ಬರೂ ಒಂದು ದಿನವೂ ಕೇಳಿರಲಿಲ್ಲ.